ಹಳೆಯ ಮಾರುತಿ 800ಕ್ಕೆ ಗುಪ್ತ ಸ್ವಿಚ್: ಪಂಪ್ ಕಡಿಯುವುದೋ, ಸೆಲ್ಫ್ ಕಡಿಯುವುದೋ?

ತುಂಗಾತೀರ (ಬೆಂಗಳೂರು)

ಅಪ್ಪ ಓಡಿಸುತ್ತಿದ್ದ 2003ರ ಮಾರುತಿ 800 ಈಗ ನನ್ನ ಬಳಿ ಇದೆ. ಇಂಜೆಕ್ಷನ್ ಎಂಜಿನ್, ಕಾರ್ಬ್ಯುರೇಟರ್ ಅಲ್ಲ. ಎಫ್‌ಸಿ ನವೀಕರಣವಾಗಿದೆ, ಎಂಜಿನ್ ಗಟ್ಟಿಯಾಗಿದೆ. ತಲೆನೋವೆಲ್ಲ ನಿಲ್ಲಿಸುವ ಜಾಗದ್ದು. ಬಾಡಿಗೆ ಮನೆಯ ಗೇಟಿನೊಳಗೆ ಎರಡು ಸ್ಕೂಟರ್ ನಿಂತರೆ ಮುಗಿಯಿತು, ಕಾರು ರಾತ್ರಿಯಿಡೀ ರಸ್ತೆಯಲ್ಲೇ ಇರಬೇಕು. ಹಿಂದಿನ ಬೀದಿಯಿಂದ ಇತ್ತೀಚೆಗೆ ಒಂದು ಓಮ್ನಿ ಕಾಣೆಯಾಯಿತು.

ಈ ಕಾರಿನ ಕೀಲಿಯಲ್ಲಿ ಚಿಪ್ ಇಲ್ಲ, ಸರಿಯಾದ ಕೀಲಿ ಇಲ್ಲದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಎಂಬುದೇ ಇಲ್ಲ. ವಿಮೆ ಥರ್ಡ್ ಪಾರ್ಟಿ ಮಾತ್ರ, ಆದ್ದರಿಂದ ಕಳುವಾದರೆ ಬಿಡಿಗಾಸೂ ಬರುವುದಿಲ್ಲ. ಅಲಾರಂ ಬೇಡ, ಬೆಕ್ಕು ಹಾರಿದರೂ ಕೂಗುತ್ತದೆ, ನಾಲ್ಕು ರಾತ್ರಿ ಕಳೆದ ಮೇಲೆ ಬೀದಿಯವರು ಯಾರೂ ಕಿಟಕಿ ತೆರೆದು ನೋಡುವುದಿಲ್ಲ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ. ಎಂಜಿನ್ ಚಾಲೂ ಆಗದಂತೆ ನಾನೇ ಒಂದು ಸ್ವಿಚ್ ಅಡಗಿಸಿಡಬೇಕೆಂದಿದ್ದೇನೆ. ಯಾವ ವೈರ್ ಕಡಿಯಲಿ?

ರಿಲೇರಾಯ (ಮೈಸೂರು)

ಇಂಜೆಕ್ಷನ್ ಎಂಜಿನ್ ಆದ್ದರಿಂದ ಪೆಟ್ರೋಲ್ ಪಂಪ್ ವಿದ್ಯುತ್ತಿನಿಂದ ಓಡುತ್ತದೆ. ಕೀಲಿಯನ್ನು ಸೆಲ್ಫ್ ಹೊಡೆಯುವುದಕ್ಕೆ ಹಿಂದಿನ ಇಗ್ನಿಷನ್ ಆನ್ ಹಂತಕ್ಕೆ ತಿರುಗಿಸಿ ಸುಮ್ಮನೆ ಕುಳಿತು ಕೇಳಿ. ಹಿಂಬದಿಯಿಂದ ಎರಡು-ಮೂರು ಸೆಕೆಂಡು ಗುಂಯ್ ಎಂದು ಸದ್ದು ಬಂದು ನಿಲ್ಲುತ್ತದೆ. ಅದೇ ಪಂಪ್. ಅದೇ ಹೊತ್ತಿಗೆ ಟಕ್ ಎನ್ನುವ ರಿಲೇಯನ್ನು (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ತೆಗೆಯುವ ಪುಟ್ಟ ಪೆಟ್ಟಿಗೆ) ಬೆರಳಿಟ್ಟು ಹುಡುಕಿದರೆ ನಿಮ್ಮ ಅರ್ಧ ಕೆಲಸ ಆಯಿತು.

ಪಂಪ್‌ಗೆ ಹೋಗುವ ದಪ್ಪ ವೈರನ್ನು ಕಡಿಯಬೇಡಿ. ಅದರಲ್ಲಿ ಸುಮಾರು 5 ಆಂಪಿಯರ್ ಹರಿಯುತ್ತದೆ. ಸ್ವಿಚ್‌ನ ಸಂಪರ್ಕ ಸ್ವಲ್ಪ ಸಡಿಲವಾದರೂ ಬಿಸಿಯಾಗುತ್ತದೆ. ರಿಲೇಯ ಸುರುಳಿಯ ಕಡೆ ಕಡಿಯಿರಿ. ಸಾಮಾನ್ಯ ಕಾರ್ ರಿಲೇಯಲ್ಲಿ 85 ಮತ್ತು 86 ಸುರುಳಿಯ ಕಾಲುಗಳು, 30 ಮತ್ತು 87 ಭಾರ ಹೊರುವ ಕಾಲುಗಳು. ಸುರುಳಿ ಎಳೆಯುವುದು 0.15 ಆಂಪಿಯರ್ ಆಸುಪಾಸು, ಅಷ್ಟಕ್ಕೆ ಪುಟ್ಟ ಸ್ವಿಚ್, ತೆಳು ವೈರ್ ಸಾಕು. ತೆಳು ವೈರ್ ಆದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು, ಗುಪ್ತ ಸ್ವಿಚ್‌ಗೆ ಬೇಕಾದದ್ದು ಅದೇ ತಾನೆ.

ಜೊತೆಗೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಕೆಂಪು ಎಲ್‌ಇಡಿ ಕೂರಿಸಿ, ತಾನಾಗಿ ಮಿಟುಕುವ ಬಗೆಯದು. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದಕ್ಕೊಂದು ಉಪಾಯ ಹೇಳುತ್ತೇನೆ. ಎಲ್‌ಇಡಿಯ ಧನ ತುದಿಯನ್ನು 1,000 ಓಮ್ ರೆಸಿಸ್ಟರ್ ಮೂಲಕ ಸದಾ 12 ವೋಲ್ಟ್ ಇರುವ ವೈರ್‌ಗೆ ಕೊಡಿ, ಫ್ಯೂಸ್ ಮರೆಯಬೇಡಿ. ಋಣ ತುದಿಯನ್ನು ಕಾರಿನ ಲೋಹದ ಮೈಗೆ (ಅರ್ಥ್) ಕೊಡುವ ಬದಲು ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಇಗ್ನಿಷನ್ ವೈರ್‌ಗೆ ಕೊಡಿ. ಕೀಲಿ ತೆಗೆದಾಗ ಆ ವೈರ್ ತನ್ನ ಮೇಲಿರುವ ಬೇರೆ ಸಲಕರಣೆಗಳ ಮೂಲಕ ಅರ್ಥ್ ಮಟ್ಟಕ್ಕೆ ಇಳಿದಿರುತ್ತದೆ, ದೀಪ ಮಿಟುಕುತ್ತದೆ. ಕೀಲಿ ತಿರುಗಿಸಿದ ಕೂಡಲೇ ಎರಡೂ ತುದಿಯಲ್ಲಿ 12 ವೋಲ್ಟ್, ದೀಪ ಆರುತ್ತದೆ. ಪ್ರತ್ಯೇಕ ಸ್ವಿಚ್ ಬೇಡವೇ ಬೇಡ. ಜೊತೆಗೆ ಸರಣಿಯಲ್ಲಿ ಒಂದು 1ಎನ್4007 ಡಯೋಡ್ ಇದ್ದರೆ ಉಲ್ಟಾ ವೋಲ್ಟೇಜ್‌ನಿಂದ ಎಲ್‌ಇಡಿ ಸಾಯುವುದಿಲ್ಲ.

ಚಕ್ರಪಾಣಿ_ಗ್ಯಾರೇಜು (ದಾವಣಗೆರೆ)

ರಾಯರು ಹೇಳಿದ್ದು ಸರಿಯಿದೆ. ಆದರೆ ಹಣವೇ ಖರ್ಚಾಗದ ಒಂದು ದಾರಿ ಇದೆ, ಅದನ್ನು ಮೊದಲು ಹೇಳಬೇಕು. ರಾತ್ರಿ ಪಂಪ್ ಫ್ಯೂಸನ್ನೋ ರಿಲೇಯನ್ನೋ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಊರಿಗೆ ಹೋಗುವಾಗ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ದಿನಾ ಮಾಡಬೇಡಿ, ಫ್ಯೂಸ್ ಹಿಡಿಯುವ ಕ್ಲಿಪ್ ಸಡಿಲವಾಗಿ ಹೊಸ ರೋಗ ಹತ್ತಿಕೊಳ್ಳುತ್ತದೆ.

ಹಳೆಯ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ರೋಟರ್ ತೆಗೆದು ಜೇಬಿಗಿಳಿಸುತ್ತಿದ್ದ ಚಾಲಕರನ್ನು ನಾನು ಕಂಡಿದ್ದೇನೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಶತ್ರು ಸೈನಿಕರು ಇಳಿದರೆ ಕಾರು ಸಿಗಬಾರದೆಂದು ಬ್ರಿಟನ್ನಿನಲ್ಲಿ ನಿಲ್ಲಿಸಿದ ಕಾರನ್ನು ಓಡದಂತೆ ಮಾಡಿ ಹೋಗಬೇಕೆಂದು ಕಾನೂನೇ ಇತ್ತು. ಅಲ್ಲಿಯೂ ಜನ ಕೀಳುತ್ತಿದ್ದುದು ಇದೇ ರೋಟರ್.

ವೈರಿಂಗ್ ಬಗ್ಗೆ ಎರಡು ಮಾತು. ಕೆಂಪು ವೈರ್ ಬಳಸಬೇಡಿ. ಕಪ್ಪು ವೈರ್ ತೆಗೆದುಕೊಂಡು, ಕಂಪನಿಯ ವೈರ್ ಕಟ್ಟಿನ ಜೊತೆಗೇ ಓಡಿಸಿ, ಬಟ್ಟೆಯ ಟೇಪ್ ಸುತ್ತಿ. ಹೊಳೆಯುವ ಹೊಸ ಇನ್ಸುಲೇಷನ್ ಟೇಪ್ ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆಂದು ಹುಡುಗನಿಗೂ ಗೊತ್ತಾಗುತ್ತದೆ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಬೇಡವೇ ಬೇಡ. ಬೆಸುಗೆ ಹಾಕಿ ಶ್ರಿಂಕ್ ಸ್ಲೀವ್ ಏರಿಸಿ. ಬೆಸುಗೆ ಹಾಕಿದ ಜಾಗ ಅಲುಗಾಡದಂತೆ ಅದರ ಎರಡೂ ಕಡೆ ಕಟ್ಟಬೇಕು, ಇಲ್ಲದಿದ್ದರೆ ಕಂಪನಕ್ಕೆ ಸರಿಯಾಗಿ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ.

ಸಂಶಯಾತ್ಮ (ಹುಬ್ಬಳ್ಳಿ)

ಕ್ರೇನ್ ತಂದು ಎತ್ತಿಕೊಂಡು ಹೋದರೆ ನಿಮ್ಮ ಸ್ವಿಚ್ ಏನು ಮಾಡುತ್ತದೆ ಸ್ವಾಮಿ? 800 ತೂಗುವುದೇ ಸುಮಾರು 650 ಕಿಲೋ. ನಾಲ್ಕು ಜನ ಸೇರಿದರೆ ಮೂಲೆ ತಿರುಗಿಸಿ ನಿಲ್ಲಿಸುತ್ತಾರೆ. ಗುಜರಿಗೆ ಹೋಗುವ ಕಾರಿಗೆ ಎಂಜಿನ್ ಚಾಲೂ ಆಗಲೇಬೇಕೆಂಬ ನಿಯಮ ಇದೆಯೇ?

ರಿಲೇರಾಯ (ಮೈಸೂರು)

ಏನೂ ಮಾಡುವುದಿಲ್ಲ. ಕ್ರೇನ್ ತರುವವನಿಗೆ ಇಮೊಬಿಲೈಸರ್ ಇರುವ ಕಾರೂ ಒಂದೇ, ಇಲ್ಲದ ಕಾರೂ ಒಂದೇ. ನಾವು ಮಾತನಾಡುತ್ತಿರುವುದು ಸ್ಕ್ರೂ ಡ್ರೈವರ್ ಹಿಡಿದು ಬಂದವನ ಬಗ್ಗೆ. ಅವನಿಗೆ 800ರ ವೈರಿಂಗ್ ಕಂಠಪಾಠ, ಏಕೆಂದರೆ 1983ರ ಡಿಸೆಂಬರ್‌ನಿಂದ 2014ರವರೆಗೆ ಇದೇ ಹೆಸರಿನ ಕಾರು ಊರೂರಲ್ಲಿ ಓಡಾಡಿದೆ. ನೀವು ನಿಮ್ಮ ಕೈಯಾರೆ ಹಾಕಿದ ಸ್ವಿಚ್ ಮಾತ್ರ ಅವನು ಕಲಿತ ಪಾಠದಲ್ಲಿ ಇಲ್ಲ. ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕೆಟ್ಟ ಕಾರು ಎಂದುಕೊಂಡು ಪಕ್ಕದ ಕಾರಿನತ್ತ ಹೋಗುತ್ತಾನೆ. ಪಕ್ಕದ ಮನೆಯವರ ಕ್ಷಮೆ ಕೋರುತ್ತೇನೆ.

ಹವ್ಯಾಸಿ555 (ಧಾರವಾಡ)

ಸ್ವಿಚ್ ಹಾಕುವುದೇನೋ ಸರಿ, ದಿನಾ ರಾತ್ರಿ ನೆನಪಿಟ್ಟುಕೊಂಡು ಅದನ್ನು ಆಫ್ ಮಾಡುವವರು ಯಾರು? ಮಳೆಯಲ್ಲಿ ಕೊಡೆ ಹಿಡಿದು ಓಡುವಾಗ ಖಂಡಿತ ಮರೆಯುತ್ತದೆ. ತಾನಾಗಿಯೇ ಬೀಗ ಬೀಳುವಂತೆ ಮಾಡಬಹುದು.

ಇನ್ನೊಂದು ರಿಲೇ ತೆಗೆದುಕೊಳ್ಳಿ. ಅದರ 30ಕ್ಕೆ ಇಗ್ನಿಷನ್ 12 ವೋಲ್ಟ್, 85 ಕಾರಿನ ಲೋಹದ ಮೈಗೆ. 87ರಿಂದ ಹೊರಡುವ ವೈರ್ ಪಂಪ್ ರಿಲೇಯ ಸುರುಳಿಯ ಕಡೆಗೂ ಹೋಗಲಿ, ಅದರ ಒಂದು ಕವಲು ಅದೇ ರಿಲೇಯ 86ಕ್ಕೂ ಬರಲಿ. 30 ಮತ್ತು 86ರ ನಡುವೆ ಒಂದು ಪುಟ್ಟ ಒತ್ತುಗುಂಡಿ. ಕೀಲಿ ತಿರುಗಿಸಿ ಗುಂಡಿ ಒಮ್ಮೆ ಒತ್ತಿದರೆ ರಿಲೇ ಎಳೆದುಕೊಂಡು ತನ್ನ ಸುರುಳಿಗೆ ತಾನೇ ವಿದ್ಯುತ್ ಕೊಟ್ಟುಕೊಂಡು ನಿಲ್ಲುತ್ತದೆ. ಕೀಲಿ ತೆಗೆದರೆ ಬಿಟ್ಟುಬಿಡುತ್ತದೆ. ಮರೆಯುವ ಪ್ರಶ್ನೆಯೇ ಇಲ್ಲ.

ಗುಂಡಿಯ ಬದಲು ಅಯಸ್ಕಾಂತ ಹತ್ತಿರ ಬಂದಾಗ ಸೇರುವ ರೀಡ್ ಸ್ವಿಚ್ ಹಾಕಿದರೆ ಇನ್ನೂ ಚೆಂದ. ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಂಟಿಸಿ, ಕೀಲಿಗೊಂಚಲಿನಲ್ಲಿ ಪುಟ್ಟ ಅಯಸ್ಕಾಂತ ಇಟ್ಟುಕೊಳ್ಳಿ. ಹೊರಗೆ ಕಾಣುವಂಥದ್ದು ಏನೂ ಇಲ್ಲ. ಅದರ ಸಂಪರ್ಕ ನಾಜೂಕಾದದ್ದು, ಸುರುಳಿಗೆ ಅಡ್ಡಲಾಗಿ ಡಯೋಡ್ ಕಡ್ಡಾಯ. ಡಯೋಡಿನ ಪಟ್ಟಿ ಇರುವ ತುದಿ 86ರ ಕಡೆಗೆ.

ಚಕ್ರಪಾಣಿ_ಗ್ಯಾರೇಜು (ದಾವಣಗೆರೆ)

ಕಾಗದದ ಮೇಲೆ ಬಹಳ ಚೆನ್ನಾಗಿದೆ. ರಸ್ತೆಯ ಮೇಲೆ ನಾನು ಒಪ್ಪುವುದಿಲ್ಲ.

ಈ ರಿಲೇ ತನ್ನನ್ನು ತಾನೇ ಹಿಡಿದುಕೊಂಡಿರುವುದು. ಕಾರು ರಸ್ತೆಯ ಹಳ್ಳಕ್ಕೆ ಬಿದ್ದಾಗ ಎಲ್ಲೋ ಒಂದು ಸಂಪರ್ಕ ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೆ ರಿಲೇ ಬಿಡುತ್ತದೆ, ಮತ್ತೆ ತಾನಾಗಿ ಹಿಡಿಯುವುದಿಲ್ಲ. ಪಂಪ್ ನಿಂತಿತು, ಎಂಜಿನ್ ನಿಂತಿತು. ನೀವು ಆಗ ಲಾರಿಯನ್ನು ಹಿಂದಿಕ್ಕುತ್ತಿದ್ದರೆ? ಎಂಜಿನ್ ನಿಂತ ಮೇಲೆ ಬ್ರೇಕಿನ ಬೂಸ್ಟರ್ ಒಂದೆರಡು ತುಳಿತಕ್ಕೆ ಸಾಥ್ ಕೊಟ್ಟೀತು, ಆಮೇಲೆ ಪೆಡಲ್ ಕಲ್ಲು. ಸಾಮಾನ್ಯ ಸ್ವಿಚ್ ಆದರೆ ಒಮ್ಮೆ ಸಂಪರ್ಕ ತಪ್ಪಿ ಮತ್ತೆ ಸೇರಿದರೂ ಕಾರು ಒಮ್ಮೆ ಮುಗ್ಗರಿಸಿ ಮುಂದೆ ಹೋಗುತ್ತದೆ.

ಇದೇ ಕಾರಣಕ್ಕೆ ಮೊಬೈಲ್‌ನಿಂದ ಎಂಜಿನ್ ನಿಲ್ಲಿಸುವ ಅಗ್ಗದ ಜಿಪಿಎಸ್ ಪೆಟ್ಟಿಗೆಗಳ ರಿಲೇಯನ್ನು ನಾನು ಪಂಪ್‌ಗೆ ಜೋಡಿಸಿ ಕೊಡುವುದಿಲ್ಲ. ಕಾರು ಎಲ್ಲಿದೆ ಎಂದು ತಿಳಿಸಲಿ, ಸಾಕು. ಓಡುತ್ತಿರುವ ಕಾರನ್ನು ನಿಲ್ಲಿಸುವ ಅಧಿಕಾರ ಅದಕ್ಕೆ ಬೇಡ.

ಹವ್ಯಾಸಿ555 (ಧಾರವಾಡ)

ಒಪ್ಪಿದೆ ಗುರುಗಳೇ. ಹಾಗಾದರೆ ಪಂಪ್ ಬಿಟ್ಟು, ಇದೇ ಜೋಡಣೆಯ 87ರಿಂದ ಇನ್ನೊಂದು ರಿಲೇಯ ಸುರುಳಿಗೆ ವಿದ್ಯುತ್ ಕೊಟ್ಟು, ಆ ರಿಲೇಯ 30 ಮತ್ತು 87ರ ಮೂಲಕ ಸೆಲ್ಫ್ ಮೋಟಾರನ್ನು ಚಾಲೂ ಮಾಡುವ ಸೊಲೆನಾಯ್ಡ್ ವೈರನ್ನು ಹಾಯಿಸೋಣ. ಕಾರು ಓಡಲು ಶುರುವಾದ ಮೇಲೆ ರಿಲೇ ಬಿಟ್ಟರೂ ಏನೂ ಆಗುವುದಿಲ್ಲ, ಸೆಲ್ಫ್‌ನ ಕೆಲಸ ಆಗಲೇ ಮುಗಿದಿರುತ್ತದೆ. ಒಂದೇ ಎಚ್ಚರಿಕೆ: 12 ವೋಲ್ಟನ್ನು ಸೆಲ್ಫ್ ಹೊಡೆಯುವಾಗಲೂ ಜೀವಂತವಾಗಿರುವ ಇಗ್ನಿಷನ್ ವೈರ್‌ನಿಂದಲೇ ತೆಗೆದುಕೊಳ್ಳಬೇಕು. ರೇಡಿಯೊಗೆ ಹೋಗುವ ವೈರ್ ಆ ಕ್ಷಣಕ್ಕೆ ಸತ್ತಿರುತ್ತದೆ.

ಸಂಶಯಾತ್ಮ (ಹುಬ್ಬಳ್ಳಿ)

ತಳ್ಳಿ ಸ್ಟಾರ್ಟ್ ಮಾಡಿದರೆ? ಸೆಕೆಂಡ್ ಗೇರ್, ಇಬ್ಬರು ತಳ್ಳುವವರು, ಸ್ವಲ್ಪ ಇಳಿಜಾರು. ಬ್ಯಾಟರಿ ಇಳಿದ 800ನ್ನು ಹಾಗೆ ತಳ್ಳದವರು ಈ ಚರ್ಚೆಯಲ್ಲಿ ಯಾರಾದರೂ ಇದ್ದೀರಾ?

ರಿಲೇರಾಯ (ಮೈಸೂರು)

ಸಂಶಯಾತ್ಮರ ಈ ಸಂಶಯಕ್ಕೆ ನೂರು ಅಂಕ. ಸೆಲ್ಫ್ ಕಡಿಯುವುದು ಆಟೊಮ್ಯಾಟಿಕ್ ಗೇರಿನ ಕಾರಿಗೆ ಹೇಳಿ ಮಾಡಿಸಿದ್ದು, ಅದನ್ನು ತಳ್ಳಿ ಹೊರಡಿಸಲು ಆಗುವುದಿಲ್ಲ. ಕೈ ಗೇರಿನ ಹಗುರ ಕಾರಿಗೆ ಪಂಪೇ ಸರಿ, ಅದೂ ಸಾದಾ ಟಾಗಲ್ ಸ್ವಿಚ್ ಜೊತೆ.

ಪಂಪ್ ಕಡಿದರೂ ಪೈಪಿನಲ್ಲಿ ಉಳಿದ ಒತ್ತಡಕ್ಕೆ ಎಂಜಿನ್ ಕೆಲವೊಮ್ಮೆ ಹತ್ತಿಕೊಂಡು ಕೆಲವು ಸೆಕೆಂಡಿಗೆ ಸಾಯುತ್ತದೆ. ಕೆಲವರಿಗೆ ಅದೇ ಇಷ್ಟ, ಕಳ್ಳನಿಗೆ ನಿಜವಾಗಿಯೂ ಕಾರು ಕೆಟ್ಟಿದೆ ಎನಿಸುತ್ತದೆ. ಹೊಸ ಕಾರುಗಳಲ್ಲಿ ಸುರುಳಿಯ ಕಡೆ ಕಡಿದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಅದನ್ನು ದೋಷವೆಂದು ದಾಖಲಿಸಿ ಎಂಜಿನ್ ದೀಪ ಬೆಳಗಿಸಬಹುದು, ಗಮನವಿರಲಿ.

ಕಡಲತಡಿ (ಉಡುಪಿ)

ಕಾರ್ಬ್ಯುರೇಟರ್ ಇರುವ ಹಳೆಯ 800 ಮತ್ತು ಓಮ್ನಿ ಇಟ್ಟುಕೊಂಡವರಿಗೆ ಒಂದು ಮಾತು. ನಿಮ್ಮ ಪೆಟ್ರೋಲ್ ಪಂಪ್ ಎಂಜಿನ್ನಿನ ಬಲದಿಂದಲೇ ಓಡುವಂಥದ್ದು, ಅಲ್ಲಿ ಕಡಿಯಲು ವೈರೇ ಇಲ್ಲ. ಇಗ್ನಿಷನ್ ಕಾಯಿಲ್‌ಗೆ ಹೋಗುವ 12 ವೋಲ್ಟ್ ವೈರನ್ನು ರಿಲೇ ಮೂಲಕ ಕಡಿಯಿರಿ. ಕಾಯಿಲ್‌ನ ಋಣ ತುದಿಯನ್ನು ಕಾರಿನ ಲೋಹದ ಮೈಗೆ ಮುಟ್ಟಿಸುವ ಹಳೆಯ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಬೇಡವೆನ್ನಿ. ಕೀಲಿ ತಿರುಗಿಸಿ ಬಿಟ್ಟರೆ ಕಾಯಿಲ್‌ನಲ್ಲಿ ಸತತ ವಿದ್ಯುತ್ ಹರಿದು ಕಾಯುತ್ತದೆ.

ನಮ್ಮ ಕರಾವಳಿಯಲ್ಲಿ ತೆರೆದ ಟಾಗಲ್ ಸ್ವಿಚ್ ಎರಡು ಮಳೆಗಾಲ ಬಾಳುವುದಿಲ್ಲ. ಹೊರಗಿನಿಂದ ಥಳಥಳ, ಒಳಗೆ ತಾಮ್ರದ ಮೇಲೆ ಹಸಿರು ಪುಡಿ. ರಬ್ಬರ್ ಟೋಪಿ ಇರುವ, ನೀರು ಹೋಗದ ಬಗೆಯದನ್ನೇ ಕೊಳ್ಳಿ. ಕಾಲಡಿಯ ಮ್ಯಾಟಿನ ಕೆಳಗಂತೂ ಇಡಲೇಬೇಡಿ, 800ರ ನೆಲಕ್ಕೆ ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆಂದು ಇವತ್ತಿಗೂ ನನಗೆ ಪತ್ತೆಯಾಗಿಲ್ಲ.

ತುಂಗಾತೀರ (ಬೆಂಗಳೂರು)

ಎಲ್ಲರಿಗೂ ಧನ್ಯವಾದ. ಹಾಗಾದರೆ ಸಾದಾ ಸ್ವಿಚ್, ಪಂಪ್ ರಿಲೇಯ ಸುರುಳಿ. ಸ್ವಿಚ್ ಎಲ್ಲಿ ಇಡಲಿ? ನೀವೆಲ್ಲ ಎಲ್ಲಿ ಇಟ್ಟಿದ್ದೀರಿ?

ನಿರ್ವಾಹಕ

ಈ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ತೆಗೆದುಹಾಕಿದ್ದೇವೆ. ಒಂದರಲ್ಲಿ ಕಾರಿನ ನೋಂದಣಿ ಸಂಖ್ಯೆ ಕಾಣುವ ಚಿತ್ರವೂ ಇತ್ತು, ಸ್ವಿಚ್ ಸುತ್ತ ಕೆಂಪು ವೃತ್ತವೂ ಇತ್ತು. ದಯವಿಟ್ಟು ನಿಮ್ಮ ಸ್ವಿಚ್ ಇರುವ ಜಾಗವನ್ನು ಸಾರ್ವಜನಿಕವಾಗಿ ಬರೆಯಬೇಡಿ.

ಚಕ್ರಪಾಣಿ_ಗ್ಯಾರೇಜು (ದಾವಣಗೆರೆ)

ಎಲ್ಲಿ ಇಡಬಾರದೆಂದು ಹೇಳಬಹುದು. ಸ್ಟಿಯರಿಂಗ್ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಹತ್ತಿರ, ಗ್ಲೋವ್ ಬಾಕ್ಸ್ ಒಳಗೆ ಬೇಡ. ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ಬಾಗಿಲಿನೊಳಗೆ ಬೇಡ, ತೆರೆದು ಮುಚ್ಚಿ ವೈರ್ ಮುರಿಯುತ್ತದೆ. ಮಕ್ಕಳ ಕಾಲು ತಾಗುವಲ್ಲಿ ಬೇಡ. ಪೆಡಲ್‌ಗಳ ಸುತ್ತ ವೈರ್ ಜೋತಾಡಬಾರದು.

ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತಾಗ ಬಗ್ಗದೆ, ನೋಡದೆ ಕೈಗೆ ಸಿಗಬೇಕು. ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗಬಾರದು. ಅಡಗಿಸಿಡುವುದಕ್ಕಿಂತ ಎದುರಿಗೇ ಇಟ್ಟು ಬೇರೇನೋ ಎನಿಸುವಂತೆ ಮಾಡುವುದು ಜಾಣತನ. ಬೇರೆ ಮಾದರಿಯ ಹಳೆಯ ಮಂಜುದೀಪದ ಗುಂಡಿ ಗುಜರಿಯಲ್ಲಿ ಸಿಗುತ್ತದೆ. ಶಿವಾಜಿನಗರದ ಗುಜರಿ ನಿಮಗೆ ಹತ್ತಿರವೇ ಅಲ್ಲವೇ? ಡ್ಯಾಶ್‌ಬೋರ್ಡಿನ ಖಾಲಿ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ.

ಅಟ್ಲಾಂಟದಿಂದ

ಇಲ್ಲಿ ಅಮೆರಿಕದಲ್ಲಿ ನಡೆದದ್ದು ನಿಮ್ಮ ಚರ್ಚೆಗೆ ಹೊಂದುತ್ತದೆ. ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಇಲ್ಲಿ 2021ರವರೆಗೂ ಕೀಲಿ ತಿರುಗಿಸುವ ಅಗ್ಗದ ಮಾದರಿಗಳನ್ನು ಇಮೊಬಿಲೈಸರ್ ಇಲ್ಲದೆಯೇ ಮಾರಿದವು. ಮಿಲ್ವಾಕಿಯ ಹುಡುಗರು ಅದನ್ನು ಕಂಡುಕೊಂಡರು, 2022ರಲ್ಲಿ ವಿಡಿಯೊ ಟಿಕ್‌ಟಾಕ್‌ನಲ್ಲಿ ಹರಡಿ ದೇಶವೆಲ್ಲ ಕಾರು ಕಳುವಾದವು. ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ ಇಮೊಬಿಲೈಸರ್ ಕಡ್ಡಾಯ, ಅದೇ ಕಂಪನಿಗಳ ಕಾರುಗಳಿಗೆ ಅಲ್ಲಿ ಈ ಪೀಡೆ ತಟ್ಟಲಿಲ್ಲ. ಉಳಿಸಿದ ಚಿಲ್ಲರೆ ಯಾರ ತಲೆಗೆ ಬಂತೆಂದು ನೀವೇ ನೋಡಿ.

2023ರ ಫೆಬ್ರುವರಿಯಲ್ಲಿ ಉಚಿತ ಸಾಫ್ಟ್‌ವೇರ್ ಕೊಡಲು ಆರಂಭಿಸಿದರು. ಅಲಾರಂ 30 ಸೆಕೆಂಡಿನ ಬದಲು ಒಂದು ನಿಮಿಷ ಕೂಗುತ್ತದೆ, ಕೀಲಿ ಒಳಗಿಲ್ಲದಿದ್ದರೆ ಕಾರು ಚಾಲೂ ಆಗುವುದಿಲ್ಲ. ಜೊತೆಗೆ ಕಿಟಕಿಗೆ ಅಂಟಿಸುವ ಸ್ಟಿಕ್ಕರ್. ಅನೇಕ ಊರುಗಳಲ್ಲಿ ಪೊಲೀಸರು ಸ್ಟಿಯರಿಂಗ್‌ಗೆ ಹಾಕುವ ಕಬ್ಬಿಣದ ಸರಳುಗಳನ್ನು ಪುಕ್ಕಟೆ ಹಂಚಿದರು. ಇಷ್ಟೆಲ್ಲ ತಂತ್ರಜ್ಞಾನದ ನಾಡಿನಲ್ಲಿ ಕೊನೆಗೆ ಕೈಗೆ ಬಂದದ್ದು ಹಳದಿ ಬಣ್ಣದ ಒಂದು ಸರಳು!

ಚಾಮುಂಡಿಬೆಟ್ಟ (ಮೈಸೂರು)

ನಮ್ಮದು ಹಳೆಯ ಝೆನ್. ನನಗೆ ಬೆಸುಗೆ ಬರುವುದಿಲ್ಲ, ಬೇರೆಯವರ ಕೈಗೆ ವೈರಿಂಗ್ ಕೊಡಲು ಧೈರ್ಯವೂ ಇಲ್ಲ. ಕಾಣುವಂಥ ಬೀಗವೇ ಸಾಕೇ? ಸ್ಟಿಯರಿಂಗ್ ಸರಳು, ಗೇರ್ ಲಾಕ್, ಪೆಡಲ್ ಲಾಕ್ ಎಂದು ಅಂಗಡಿಯವನು ಮೂರನ್ನೂ ತೋರಿಸಿದ.

ರಿಲೇರಾಯ (ಮೈಸೂರು)

ಮೇಡಂ, ಸರಳು ದೂರದಿಂದಲೇ ಕಾಣುತ್ತದೆ, ಅದೇ ಅದರ ಗುಣ. ಆದರೆ ಸ್ಟಿಯರಿಂಗ್ ಚಕ್ರದ ಒಳಗಿನ ಕಂಬಿ ತೆಳುವಾದದ್ದು. ಸರಳನ್ನು ಕೊಯ್ಯುವ ಬದಲು ಚಕ್ರವನ್ನೇ ಕೊಯ್ಯುತ್ತಾರೆ. ಪೆಡಲ್ ಲಾಕ್ ಇರುವ ಜಾಗ ಇಕ್ಕಟ್ಟು, ಗರಗಸ ಆಡಿಸಲು ಕೈ ಹೋಗುವುದಿಲ್ಲ. ಹಾಗೆಂದು ಅದು ಹೊರಗಿನಿಂದ ಕಾಣುವುದಿಲ್ಲ. ಒಂದನ್ನೇ ಕೊಳ್ಳುವುದಾದರೆ ನಾನು ಕ್ಲಚ್ ಪೆಡಲ್‌ಗೆ ಕೊಳ್ಳುತ್ತೇನೆ. ಜೊತೆಗೆ ಮಿಟುಕುವ ದೀಪ, ಅದನ್ನು ಯಾವ ಆಟೊ ಎಲೆಕ್ಟ್ರಿಷಿಯನ್ ಬೇಕಾದರೂ ಹಾಕಿಕೊಡುತ್ತಾನೆ.

ಇನ್ನೊಂದು: ಎಲ್ಲ ಗಾಜುಗಳ ಮೂಲೆಯಲ್ಲಿ ನೋಂದಣಿ ಸಂಖ್ಯೆ ಕೊರೆಸಿ. ನಂಬರ್ ಪ್ಲೇಟ್ ಬದಲಿಸುವುದು ಸುಲಭ, ಆರೂ ಗಾಜು ಬದಲಿಸಿದರೆ ಹಳೆಯ ಝೆನ್ ಮಾರಿದ ದುಡ್ಡು ಅಲ್ಲಿಗೇ ಸರಿಹೋಗುತ್ತದೆ.

ಪಾಲಿಸಿ_ಓದಿದವನು (ತುಮಕೂರು)

ವಿಮೆಯ ಕೆಲಸದಲ್ಲಿರುವವನಾಗಿ ಹೇಳುತ್ತೇನೆ. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಮಾನ್ಯತೆ ಪಡೆದ ಕಳ್ಳತನ ತಡೆ ಸಾಧನಕ್ಕೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 2.5ರಷ್ಟು, ಗರಿಷ್ಠ 500 ರೂಪಾಯಿ ರಿಯಾಯಿತಿ ಎಂಬುದು ಹಳೆಯ ಸುಂಕ ಪಟ್ಟಿಯಿಂದ ಬಂದ ಲೆಕ್ಕ. ಮನೆಯಲ್ಲಿ ಮಾಡಿದ ಸ್ವಿಚ್‌ಗೆ ಅದು ಸಿಗುವುದಿಲ್ಲ. ವಾರಂಟಿ ಇರುವ ಕಾರಿನ ವೈರ್ ಕತ್ತರಿಸಬೇಡಿ, ಮುಂದೆ ಯಾವ ವಿದ್ಯುತ್ ದೋಷ ಬಂದರೂ ಅದರ ಮೇಲೆಯೇ ಹಾಕುತ್ತಾರೆ.

ಸಮಗ್ರ ವಿಮೆ ಇದ್ದವರು ಎರಡೂ ಕೀಲಿಗಳನ್ನು ಜೋಪಾನ ಮಾಡಿ. ಕಳುವಾದಾಗ ಕಂಪನಿ ಎರಡನ್ನೂ ಕೇಳುತ್ತದೆ. ಈಗ ಎಫ್‌ಐಆರ್ ಆಗುವುದು ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿ, ಹಳೆಯ ಭಾರತೀಯ ದಂಡ ಸಂಹಿತೆಯ 379 ಅಲ್ಲ.

ಹೊಸಕಾರು (ಬೆಳಗಾವಿ)

ಗುಂಡಿ ಒತ್ತಿದರೆ ಹೊರಡುವ ಕೀಲಿರಹಿತ ಕಾರಿಗೂ ಇಂಥದ್ದೇ ಸ್ವಿಚ್ ಹಾಕಬಹುದೇ?

ಹವ್ಯಾಸಿ555 (ಧಾರವಾಡ)

ವೈರ್ ಮುಟ್ಟಬೇಡಿ. ನಿಮ್ಮ ಕಾರಿನ ಭಯ ಬೇರೆ: ಕೀಲಿಯ ಸಂಕೇತವನ್ನು ಮನೆಯೊಳಗಿಂದ ಎಳೆದು ಕಾರಿಗೆ ಮುಟ್ಟಿಸುವುದು, ಇಲ್ಲವೇ ಕಾರಿನ ದೋಷ ಪರೀಕ್ಷಿಸಲು ಇರುವ ಓಬಿಡಿ ಸಾಕೆಟ್‌ಗೆ ಉಪಕರಣ ಚುಚ್ಚಿ ಹೊಸ ಕೀಲಿ ನೋಂದಾಯಿಸುವುದು. ಮೊದಲನೆಯದಕ್ಕೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬ ಆದೀತು. ಕೀಲಿಯನ್ನು ಅದರೊಳಗಿಟ್ಟು ಕಾರಿನ ಬಾಗಿಲ ಬಳಿ ನಿಂತು ಹಿಡಿಕೆ ಮುಟ್ಟಿ ನೋಡಿ. ತೆರೆದರೆ ಡಬ್ಬ ಸಾಲದು. ಎರಡನೆಯದಕ್ಕೆ ಓಬಿಡಿ ಸಾಕೆಟ್‌ಗೆ ಹಾಕುವ ಬೀಗ ಮತ್ತು ಸ್ಟಿಯರಿಂಗ್ ಸರಳು.

ತುಂಗಾತೀರ (ಬೆಂಗಳೂರು)

ಕೆಲಸ ಮುಗಿಯಿತು. ಸ್ವಿಚ್ ಆಫ್ ಇದ್ದಾಗ ಕೀಲಿ ತಿರುಗಿಸಿದರೆ ಹಿಂಬದಿಯ ಗುಂಯ್ ಸದ್ದಿಲ್ಲ, ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಎಲ್‌ಇಡಿಯ ಇಗ್ನಿಷನ್ ಉಪಾಯ ಸೊಗಸಾಗಿ ಕೆಲಸ ಮಾಡುತ್ತಿದೆ. ಬ್ಯಾಟರಿ 35 ಆಂಪಿಯರ್-ಗಂಟೆಯದು. ದೀಪ ಸತತವಾಗಿ 10 ಮಿಲಿಆಂಪಿಯರ್ ಎಳೆದರೂ ಲೆಕ್ಕದ ಪ್ರಕಾರ 3,500 ಗಂಟೆ ಆಗುತ್ತದೆ, ಮಿಟುಕುವ ದೀಪಕ್ಕೆ ಅಷ್ಟೂ ಬೇಡ. ಜೆ.ಸಿ. ರಸ್ತೆಯಲ್ಲಿ ಕ್ಲಚ್ ಪೆಡಲ್ ಲಾಕ್ ಕೂಡ ಕೊಂಡೆ.

ಒಂದು ಕೊನೆಯ ಪ್ರಶ್ನೆ. ಸ್ವಿಚ್ಚೇ ಕೆಟ್ಟು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ನಿಂತರೆ?

ಚಕ್ರಪಾಣಿ_ಗ್ಯಾರೇಜು (ದಾವಣಗೆರೆ)

ರಿಲೇಯ ಹತ್ತಿರ ನೀವು ವೈರ್ ಕತ್ತರಿಸಿದ ಎರಡು ತುದಿಗಳಿಗೂ ಬುಲೆಟ್ ಕನೆಕ್ಟರ್ ಹಾಕಿ, ಒಂದಕ್ಕೆ ಗಂಡು, ಇನ್ನೊಂದಕ್ಕೆ ಹೆಣ್ಣು. ಸ್ವಿಚ್‌ಗೆ ಹೋಗುವ ವೈರ್‌ಗಳ ತುದಿಗೂ ಅದಕ್ಕೆ ಹೊಂದುವ ಜೋಡಿ. ಸ್ವಿಚ್ ಕೈಕೊಟ್ಟರೆ ಅದರ ವೈರ್‌ಗಳನ್ನು ಎಳೆದು ತೆಗೆದು, ಮೂಲ ತುದಿಗಳನ್ನು ಒಂದಕ್ಕೊಂದು ಚುಚ್ಚಿದರೆ ಕಾರು ಕಂಪನಿಯಿಂದ ಬಂದ ಹಾಗೆ. ಟಾರ್ಚ್ ಬಿಟ್ಟರೆ ಬೇರೆ ಉಪಕರಣ ಬೇಡ. ಮನೆಯಲ್ಲಿ ಆ ಕಾರು ಓಡಿಸುವ ಇನ್ನೊಬ್ಬರಿಗೂ ಇದನ್ನು ತೋರಿಸಿಕೊಡಿ. ಗ್ಯಾರೇಜಿಗೆ ಬಿಡುವಾಗ ಸ್ವಿಚ್ ಆನ್ ಮಾಡಿಯೇ ಬಿಡಿ, ನಮ್ಮ ಹುಡುಗರಿಗೂ ಹೇಳುವುದು ಬೇಡ.